ಒಂದು ದಿನ ಹಿಂದೆ ಓಡುವ ಕಂಪ್ಯೂಟರ್

ಫೆಬ್ರವರಿ 23, ಭಾನುವಾರ

ಸರ್ಕಾರದ ಆದೇಶ: ರಂಜಾನ್ ತಿಂಗಳ ಲೆಕ್ಕಕ್ಕೆ ನಮ್ಮ ಮೆಕ್ನೆಸ್ ಊರಿಗೂರೇ ಗಡಿಯಾರ ಒಂದು ಗಂಟೆ ಹಿಂದೆ. ಗೋಡೆ ಗಡಿಯಾರ ತಿರುಗಿಸಿದೆ. ಕಂಪ್ಯೂಟರಿನದು ತಾನಾಗಿ ಬದಲಾಗಲಿಲ್ಲ. ಆಟೋಮ್ಯಾಟಿಕ್ ತೆಗೆದು ಕೈಯಾರೆ ಇಟ್ಟೆ. ಮಾವ ಪಕ್ಕದಲ್ಲೇ ಕೂತು ಪುದೀನ ಟೀ ಹೀರುತ್ತ ನೋಡುತ್ತಿದ್ದರು. ಅಪ್‌ಡೇಟ್ ಬಂದಿದೆಯಂತೆ — ಆಮೇಲೆ ಮಾಡಿದರಾಯಿತು.

ಮಾರ್ಚ್ 3, ಸೋಮವಾರ

ನಿನ್ನೆಯಿಂದ ಉಪವಾಸ. ಆಫೀಸಿನ ಮೇಲ್: ಶುಕ್ರವಾರದೊಳಗೆ ಅಪ್‌ಡೇಟ್ ಆಗದಿದ್ದರೆ ಲಾಗಿನ್ ಬಂದ್. ಅಂದರೆ ಕೆಲಸವೂ ಬಂದ್. ಒತ್ತಿದೆ. ಶೂನ್ಯ ಪರ್ಸೆಂಟ್... ಎರರ್. ವೈಫೈ ಆಫ್ ಮಾಡಿ ಆನ್ ಮಾಡಿದೆ. ರೀಸ್ಟಾರ್ಟ್. ಹಳೇ ಫೈಲು ಅಳಿಸಿ ಜಾಗ ಮಾಡಿದೆ. ಮತ್ತೆ ಅದೇ. ನಮ್ಮನೆಯವರಿಗೆ ಹೇಳೋಣವೆಂದರೆ ಕೆಲಸದ ಮೇಲೆ ದೂರದ ಅಗಾದೀರ್‌ನಲ್ಲಿದ್ದಾರೆ, ಹಬ್ಬಕ್ಕೇ ಬರುವುದು.

ನಾದಿನಿ ಜುಹೂರ್ ಬಾಗಿಲಲ್ಲಿ ನಿಂತು, "ಅತ್ತಿಗೆ, ಹರೀರಾ ಸಾರನ್ನೂ ಆ ಪೆಟ್ಟಿಗೇನೇ ಕುದಿಸುತ್ತಾ?" ಅಂದಳು. ನಗುತ್ತಲೇ ಅಂದಳು. ಆ ನಗು ನನಗೆ ಹಿಡಿಸಲಿಲ್ಲ.

ಮಾರ್ಚ್ 4

ಮೂಲೆಯ ಮೊಬೈಲ್ ಅಂಗಡಿಯ ಲಹ್ಬೀಬ್ ಬಂದ.

"ಅಕ್ಕಾ, ಇವತ್ತು ನಾಲ್ಕು ತಾನೆ? ಇದು ಮೂರು ಅಂತಿದೆ. ತಾರೀಖು ತಪ್ಪಿದ್ರೆ ಅಪ್‌ಡೇಟ್ ಕೊಡೋ ಕಡೆಯವರು ಬಾಗಿಲೇ ತೆಗೆಯಲ್ಲ."

"ಬ್ಯಾಟರಿ ಹೋಗಿರಬೇಕು."

"ಹೋಗಿದ್ರೆ ವರ್ಷಗಟ್ಟಲೆ ಹಿಂದೆ ಹೋಗ್ತಿತ್ತು. ಇದು ಯಾರೋ ಕೈಯಾರೆ ಮಾಡಿದ್ದು."

ತಾರೀಖು ಸರಿಮಾಡಿದ. ಅಷ್ಟರಲ್ಲಿ ನೆಟ್ ಹೋಯಿತು. ಯಾರೋ ಅಂದರೆ ಯಾರು?

ಮಾರ್ಚ್ 5

ಮತ್ತೆ ಒಂದು ದಿನ ಹಿಂದೆ! ಮನೆಯಲ್ಲಿರುವುದು ಮೂರೇ ಜನ. ಮಾವನಿಗೆ ಟಿವಿ ರಿಮೋಟೇ ತಿಳಿಯದು. ಉಳಿದವಳು... ಮಧ್ಯಾಹ್ನ ಮಲಗಿದ್ದಾಗ ಕುರ್ಚಿ ಎಳೆದ ಸದ್ದು ಕೇಳಿತ್ತು. ನನ್ನ ಸಂಬಳ ಅವಳ ಕಣ್ಣು ಕುಕ್ಕುತ್ತಿದೆ.

ಇಫ್ತಾರಿನಲ್ಲಿ ಕೇಳಿಯೇಬಿಟ್ಟೆ. "ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ಅತ್ತಿಗೆ, ಖರ್ಜೂರ ಕೈಲಿ ಹಿಡಿದು ಹೇಳ್ತೀನಿ, ನಾನು ಮುಟ್ಟಿಲ್ಲ."

"ಉಪವಾಸದಲ್ಲೂ ಸುಳ್ಳಾ!"

ಮಾವನಿಗೆ ಕಿವಿ ಮಂದ. "ಏನಂತೆ?" ಅಂದರು. "ಏನಿಲ್ಲ" ಅಂದು ಅವರ ಬಟ್ಟಲಿಗೆ ಸಾರು ಬಡಿಸಿದೆ.

ಮಾರ್ಚ್ 6

ಜುಹೂರ್ ಬ್ಯಾಗ್ ಹಿಡಿದು ಸೆಫ್ರೂವಿಗೆ, ಚಿಕ್ಕಮ್ಮನ ಮನೆಗೆ ಹೋದಳು. ತಡೆಯಲಿಲ್ಲ. ತಾರೀಖು ಸರಿಮಾಡಿ ಪಾಸ್‌ವರ್ಡ್ ಹಾಕಿದೆ. ಅಪ್‌ಡೇಟ್ ಇಳಿಯುತ್ತಿದೆ... 40... 71. ಅವಳು ಹೊಸಿಲು ದಾಟಿದ್ದೇ ತಡ, ಸರಿಹೋಯಿತು! ಇನ್ನೇನು ಸಾಕ್ಷಿ ಬೇಕು?

ಮಾರ್ಚ್ 7, ಮಧ್ಯಾಹ್ನ

ಅಪ್‌ಡೇಟ್ ಮುಗಿಯಿತು. ಕೆಲಸ ಉಳಿಯಿತು. ಸ್ನಾನ ಮುಗಿಸಿ ಬಂದರೆ ಕಂಪ್ಯೂಟರ್ ಮುಂದೆ — ಮಾವ!

"ಮಗಳೇ, ಇದು ಒಳಗೇ ಬಿಡ್ತಿಲ್ಲ."

"ಇದರಲ್ಲಿ ನಿಮಗೇನು ಕೆಲಸ?"

"ನನಗೆ ಜೋರಾಗಿ ಕೇಳಿಸಲಿ ಅಂತ ಮಗ ಇದರಲ್ಲಿ ಅಜಾನ್ ಹಾಕಿಕೊಟ್ಟಿದ್ದಾನಲ್ಲ, ಅದು ಸೌದಿ ಪಂಚಾಂಗದ್ದು. ಅಲ್ಲಿ ಚಂದ್ರ ಒಂದು ದಿನ ಮೊದಲೇ ಕಂಡ. ನಮಗೆ ಇವತ್ತು ಆರನೇ ಉಪವಾಸ, ಇದು ಏಳು ಅನ್ನುತ್ತೆ. ತಾರೀಖು ಮುಂದೆ ಹೋದಾಗಲೆಲ್ಲ ನಾನೇ ಒಂದು ದಿನ ಹಿಂದಕ್ಕೆ ಎಳೀತೀನಿ. ನೀನು ಮಲಗಿರ್ತೀಯ, ಎಬ್ಬಿಸೋದ್ಯಾಕೆ ಅಂತ."

"ಯಾರು ಕಲಿಸಿದ್ರು ನಿಮಗೆ?"

"ನೀನೇ! ಗಂಟೆ ತಿರುಗಿಸಿದಾಗ ಪಕ್ಕದಲ್ಲೇ ಕೂತಿದ್ದೆನಲ್ಲ." ಹೆಮ್ಮೆಯಿಂದ ನಕ್ಕರು. ಆಮೇಲೆ, "ಜುಹೂರ್ ಇಫ್ತಾರಿಗೆ ಬರ್ತಾಳೆ ತಾನೆ?"



ಸಂಜೆ

ಮಾವ ಮೂರು ಬಟ್ಟಲು ಇಟ್ಟಿದ್ದರು. ಒಂದು ಹಾಗೇ ಆರಿದೆ. ಫೋನ್ ಮಾಡಿದೆ, ಕಟ್ ಮಾಡಿದಳು. ಮತ್ತೆ ಮಾಡಬೇಕು. ಮೊದಲ ಮಾತು ಇಲ್ಲಿ ಬರೆದುಕೊಂಡರೆ ತಡವರಿಸುವುದಿಲ್ಲವೇನೋ.

ಜುಹೂರ್, ತಪ್ಪು ನನ್ನದೇ, ಆದರೂ ನೀನು ಅವತ್ತು ಹಾಗೆ ನಗದೇ ಇದ್ದಿದ್ದರೆ —

ಛೆ. ಮತ್ತೆ ಅದೇ.

ಜುಹೂರ್, ತಪ್ಪು