ಆಯಿ ತಪ್ಪಾಯಿತೆನ್ನಲಿಲ್ಲ

ಹೊಲದ ಗುಡಿಸಲು, ಬನ್ನಿಕಟ್ಟಿ
ತಾವರಗೇರಾ ಹತ್ತಿರ, ತಾಲೂಕು ಕುಷ್ಟಗಿ
೨೦ ಫೆಬ್ರುವರಿ ೧೯೪೪

ಪ್ರೀತಿಯ ಅಪ್ಪನಿಗೆ ಮಗಳು ಶೇಖರಮ್ಮನ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಸೊಲ್ಲಾಪುರದ ಗಿರಣಿಯಲ್ಲಿ ಹತ್ತಿಯ ಧೂಳು ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊ ಎಂದು ಹೋದ ಸಲವೂ ಬರೆದಿದ್ದೆ. ಕಟ್ಟಿಕೊಳ್ಳುತ್ತೀಯೋ, ಜೊತೆಯವರು ನಗುತ್ತಾರೆಂದು ಬಿಚ್ಚಿಡುತ್ತೀಯೋ ನನಗೆ ತಿಳಿಯದು. ಮಲಗುವ ಮುಂದೆ ಬಿಸಿನೀರು ಕುಡಿ. ನಾನು ಆರೋಗ್ಯವಾಗಿದ್ದೇನೆ. ಬಿಳಿಜೋಳದ ಕೊಯ್ಲು ಮುಗಿಯಿತು, ತೆನೆ ಕಣಕ್ಕೆ ಬಂದಿದೆ.

ಅಪ್ಪಾ, ಮುಂದಿನದನ್ನು ಕುಳಿತುಕೊಂಡು ಓದು. ನಿನ್ನ ಅವ್ವ, ನಮ್ಮ ಆಯಿ, ಹೋದ ಸೋಮವಾರ ಹೊತ್ತೇರಿದ ಮೇಲೆ ತೀರಿಕೊಂಡಳು. ಜ್ವರ ಹದಿನೈದು ದಿನ ಬಿಟ್ಟಿರಲಿಲ್ಲ. ಆದರೂ ಬೈಯುವುದನ್ನು ಆಕೆ ಬಿಟ್ಟಿರಲಿಲ್ಲ. ಆ ಬೆಳಗ್ಗೆ ರೊಟ್ಟಿಯ ಅಂಚು ದಪ್ಪವಾಗಿದೆ ಎಂದು ನನ್ನನ್ನು ಬೈದು, ನಸ್ಯದ ಡಬ್ಬಿ ಕೇಳಿ ಇಸಿದುಕೊಂಡು, ಎರಡು ಸಲ ಸೀನಿ, ಗೋಡೆಯ ಕಡೆ ಹೊರಳಿ ಮಲಗಿದಳು. ಮತ್ತೆ ಏಳಲಿಲ್ಲ. ತಂತಿ ಕೊಡಬೇಕೆಂದರೆ ದೂರ ಹೋಗಬೇಕು. ಕೊಟ್ಟಿದ್ದರೂ ನೀನು ಬರುವ ತನಕ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ಅವ್ವ ಎಂಥವಳೆಂದು ನಿನಗೆ ನಾನು ಹೇಳುವುದು ವಿಚಿತ್ರವೇ ಸರಿ. ಆದರೆ ಪ್ಲೇಗಿನ ವರ್ಷ ಖಾಲಿ ಊರೊಳಗೆ ಆಕೆ ಏನು ಮಾಡಿದಳೆಂದು ನೀನು ಯಾವತ್ತೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಈ ಮೂರು ದಿನ ಪಿಂಜಾರರ ಬಾಷಾಬಿ ನನ್ನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದ್ದಾಳೆ. ಅದನ್ನು ಬರೆದು ನಿನಗೆ ಮುಟ್ಟಿಸದಿದ್ದರೆ ನನಗೆ ಸಮಾಧಾನವಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಊರಲ್ಲಿ ಇಲಿ ಸತ್ತು ಬಿದ್ದವು. ಎಲ್ಲರೂ ಮನೆಗೆ ಕೀಲಿ ಹಾಕಿ ಹೊಲಗಳಿಗೆ ಬಂದು ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡರು. ನಾವೂ ಇದೇ ಹೊಲಕ್ಕೆ ಬಂದೆವು. ಆದರೆ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಂಟು ಎದ್ದಿದ್ದವರನ್ನು ಊರೊಳಗೇ ಬಿಟ್ಟು ಬಂದಿದ್ದರು. ಅವರು ಮೂವರು. ಹತ್ತಿ ಹಿಂಜುವ ಇದೇ ಬಾಷಾಬಿ, ಹೊರಗೇರಿಯ ಗಿಡ್ಡಪ್ಪ, ದೇವೇಂದ್ರಪ್ಪ ಗೌಡರ ತಾಯಿ ಪಂಪಮ್ಮ. ನಾಲ್ಕನೆಯ ದಿನ ಆಯಿ ಜೋಳದ ಹಿಟ್ಟು, ಉಳ್ಳಾಗಡ್ಡಿ, ಒಂದು ಗಡಿಗೆ ತೆಗೆದುಕೊಂಡು ಹೊರಟಳು. ನೀನು ಕೈ ಹಿಡಿದು ನಿಲ್ಲಿಸಿದೆ. ‘ಅವ್ವಾ, ಹೋದ್ರ ನೀ ತಿರುಗಿ ಬರೂದಿಲ್ಲ’ ಅಂದೆ. ‘ಬರದಿದ್ರ ನನ್ನ ಪಾಲಿನ ರೊಟ್ಟಿ ನೀನ ತಿನ್ನು’ ಎಂದು ಕೈ ಬಿಡಿಸಿಕೊಂಡು ಹೋದಳು. ನನಗೆ ಆಗ ಹನ್ನೊಂದು ವರ್ಷ. ನೀರಿನ ಕೊಡ ಹೊತ್ತು ದಿನಾ ಊರ ಅಗಸಿಬಾಗಿಲ ತನಕ ಹೋಗಿ ಇಟ್ಟು ಬರುತ್ತಿದ್ದೆ. ಬಾಗಿಲು ದಾಟಿದರೆ ಕಾಲು ಮುರಿಯುತ್ತೇನೆಂದು ಆಯಿ ಒಳಗಿನಿಂದಲೇ ಕೂಗುತ್ತಿದ್ದಳು.

ಮೂವರನ್ನೂ ಒಬ್ಬೊಬ್ಬರ ಮನೆಗೆ ಹೋಗಿ ನೋಡುವುದು ಆಕೆಯಿಂದ ಆಗಲಿಲ್ಲವಂತೆ. ಅದಕ್ಕೆ ಒಬ್ಬೊಬ್ಬರನ್ನೇ ಎಳೆದು ತಂದು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿದಳು. ಸುಟ್ಟ ಉಳ್ಳಾಗಡ್ಡಿ ಅರೆದು ಗಂಟಿಗೆ ಕಟ್ಟಿದಳು. ಒಂದೇ ಗಡಿಗೆಯಲ್ಲಿ ಅಂಬಲಿ ಕಾಸಿ ಮೂವರಿಗೂ ಕುಡಿಸಿದಳು. ತಾನು ಕುಡಿದದ್ದೂ ಅದನ್ನೇ. ಗಿಡ್ಡಪ್ಪ ನಮ್ಮ ಮನೆಯ ಹೊಸ್ತಿಲು ದಾಟಿದ್ದಕ್ಕೆ ಹೆದರಿ, ಅಂಬಲಿ ಬೇಡವೆಂದು ಬಾಯಿ ಮುಚ್ಚಿಕೊಂಡಿದ್ದನಂತೆ. ‘ಸಾಯೂದಿದ್ರ ಕುಡದು ಸಾಯಿ, ಕಾಸಿದ್ದು ದಂಡ ಮಾಡಬ್ಯಾಡ’ ಎಂದು ಆಯಿ ಗದರಿದ್ದನ್ನು ಹೇಳುವಾಗ ಬಾಷಾಬಿ ಅತ್ತಳು, ನಕ್ಕಳು. ಆಯಿ ಊರೊಳಗೆ ಹೋದ ಮೂರನೆಯ ದಿನ ಪಂಪಮ್ಮ ತೀರಿಕೊಂಡಳು. ಆಕೆಗೆ ಆಯಿಯೇ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಿತ್ತಲಲ್ಲಿ ಒಬ್ಬಳೇ ಕುಣಿ ತೋಡಿ ಮಣ್ಣು ಮಾಡಿದಳು. ಬಾಷಾಬಿ, ಗಿಡ್ಡಪ್ಪ ಇಬ್ಬರೂ ಉಳಿದರು.

ಎರಡು ತಿಂಗಳಾದ ಮೇಲೆ ಊರು ತಿರುಗಿ ತುಂಬಿದ ದಿನ ನಿನಗೆ ನೆನಪಿದೆ. ನನಗೂ ನೆನಪಿದೆ. ನಾನು ಆಯಿಯ ಸೆರಗು ಹಿಡಿದು ನಿಂತಿದ್ದೆ. ಅಗಸಿಯ ಬಳಿ ದೇವೇಂದ್ರಪ್ಪ ಗೌಡರು ಹಿರಿಯರನ್ನು ಕೂಡಿಸಿಕೊಂಡು ಕುಳಿತಿದ್ದರು.

‘ಮೂರೂ ಮಂದಿಗೆ ಒಂದ ಗಡಿಗ್ಯಾಗ ಕಾಸಿ ಕುಡಿಸಿದಿಯಂತ. ಖರೇನೋ, ಸುಳ್ಳೋ?’ ಎಂದು ಕೇಳಿದರು.

‘ಖರೇ. ಆ ಗಡಿಗ್ಯಾಗಿಂದ ಮೊದಲ ಕುಡದಾಕಿ ನಿನ್ನ ಹಡದವ್ವ’ ಅಂದಳು ಆಯಿ.

ಗೌಡರು ದನಿ ಇಳಿಸಿ ಹೇಳಿದರು, ‘ಆದದ್ದು ಆತು. ಅಯ್ಯನವರ ಪಾದೋದಕ ತಗೊಂಡು, ಊರ ಮುಂದ ತಪ್ಪಾತು ಅನ್ನು. ಮನಿಗೆ ಹೋಗು.’

‘ಪಾದೋದಕ ದಿನಾ ತಗೋತೀನಿ, ಇವತ್ತೂ ತಗೋತೀನಿ. ತಪ್ಪಾತು ಅಂತ ಯಾತಕ್ಕ ಅನ್ಲಿ, ದೇವೇಂದ್ರಪ್ಪ? ನಿಮ್ಮವ್ವಗ ನೀರು ಹಾಕಿದ್ದಕ್ಕೋ? ಮೂರು ದಿನ ಆಕಿ ನಿನ್ನ ಹೆಸರ ಹಿಡದು ಕರದ್ಲು. ನೀ ಮೊದಲ ಆಕಿಗೆ ತಪ್ಪಾತು ಅನ್ನು. ಆಮ್ಯಾಲ ನಾ ಊರಿಗೆ ಅಂತೀನಿ.’

ಹಾಗೆಂದು ಆಯಿ ನಿನ್ನ ಕಡೆ ನೋಡಿದಳು. ನೀನು ನೆಲ ನೋಡುತ್ತಿದ್ದೆ. ಅಪ್ಪಾ, ನಿನ್ನನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. ಮನೆ, ಹೊಲ, ತಾಯಿಯಿಲ್ಲದ ಮಗಳು, ಇವೆಲ್ಲ ನಿನ್ನ ತಲೆಯ ಮೇಲಿದ್ದವು. ನೀನು ಮನೆಯೊಳಗೆ ಹೋದೆ. ಆಯಿ ತಿರುಗಿ ಹೊಲಕ್ಕೆ ಬಂದಳು. ನಾನು ಆಕೆಯ ಹಿಂದೆ ಬಂದೆ. ಆರು ತಿಂಗಳಲ್ಲಿ ನಿನಗೆ ಆ ಮನೆಯಲ್ಲಿ ಅನ್ನ ಇಳಿಯದಾಗಿ ನೀನು ಸೊಲ್ಲಾಪುರದ ದಾರಿ ಹಿಡಿದೆ. ನಿನ್ನ ಬಗ್ಗೆ ಆಯಿ ಒಂದು ದಿನವೂ ಕೆಟ್ಟ ಮಾತಾಡಲಿಲ್ಲ. ‘ನನ್ನ ಮಗ ಹೇಡಿ ಅಲ್ಲ, ಸಾವಕಾಶ’ ಅನ್ನುತ್ತಿದ್ದಳು.

ಈ ಒಂಬತ್ತು ವರ್ಷ ಊರಿನ ಯಾವ ಮದುವೆಗೂ ನಮ್ಮನ್ನು ಕರೆಯಲಿಲ್ಲ. ರಾಶಿಗೆ ಆಳು ಬರಲಿಲ್ಲ. ನನ್ನನ್ನು ನೋಡಲು ಯಲಬುರ್ಗಾದಿಂದ ಬಂದವರನ್ನು ಅಗಸಿಯಿಂದಲೇ ತಿರುಗಿಸಿ ಕಳಿಸಿದರು. ಆ ದಿನ ನಾನು ಆಯಿಯ ಮೇಲೆ ಸಿಟ್ಟು ಮಾಡಿ, ‘ನಿನ್ನ ಹಟಕ್ಕ ನನ್ನ ಬಾಳು ಹಾಳಾತು’ ಅಂದೆ. ಆಯಿ ಬೈಯಲಿಲ್ಲ. ‘ಹೌದವಾ, ನಿನ್ನ ಬಾಳಿಗೆ ನನ್ನಿಂದ ತ್ರಾಸಾತು. ನೀ ಹೋಗಿ ತಪ್ಪಾತು ಅನ್ನು, ನಾ ಬ್ಯಾಡ ಅನ್ನೂದಿಲ್ಲ’ ಅಂದಳು. ನಾನು ಅಗಸಿಯ ತನಕ ಹೋದೆ. ಹೊರಗೇರಿಯ ಮುಂದೆ ಗಿಡ್ಡಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಆ ಪ್ಲೇಗಿನಲ್ಲಿ ಅವನು ಸತ್ತಿದ್ದರೆ ಆ ಕೂಸನ್ನು ಎತ್ತಿಕೊಳ್ಳುವವರು ಯಾರು ಅನ್ನಿಸಿತು. ತಪ್ಪಾಯಿತು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ತಿರುಗಿ ಬಂದು ರೊಟ್ಟಿಗೆ ಹಿಟ್ಟು ನಾದಿದೆ. ಆಯಿ ಒಲೆಯ ಮೇಲೆ ಹೆಂಚು ಇಟ್ಟಳು.

ಊರು ಕರೆಯದಿದ್ದರೇನು, ತಾವರಗೇರಾ ಸಂತೆಯ ದಾರಿ ನಮ್ಮ ಹೊಲದ ಮುಂದೆಯೇ ಹೋಗುತ್ತದೆ. ಜ್ವರ ಬಂದವರು, ಬಾಣಂತಿಯರು, ಗಂಡನ ಮನೆಯಿಂದ ಓಡಿ ಬಂದವರು, ಎಲ್ಲರೂ ಈ ಗುಡಿಸಲಿಗೆ ಬಂದರು. ಅಗಸಿಯೊಳಗಿನ ಹೆಂಗಸರೂ ಸೊಪ್ಪು ಕೀಳುವ ನೆವ ಮಾಡಿಕೊಂಡು ಬಂದರು. ಆಯಿ ಎಲ್ಲರಿಗೂ ಅಂಬಲಿ ಕೊಟ್ಟಳು, ಎಲ್ಲರನ್ನೂ ಬೈದಳು.

ಸೋಮವಾರ ಸುದ್ದಿ ಮುಟ್ಟುತ್ತಲೇ ಗೌಡರು ನಾಲ್ವರು ಹಿರಿಯರೊಂದಿಗೆ ಬಂದರು. ಮುದುಕರಾಗಿದ್ದಾರೆ, ಕೋಲು ಹಿಡಿದಿದ್ದರು.

‘ಶೇಖರಮ್ಮ, ಹಿರೇಮನುಷ್ಯಾಳು ಹೋದ್ಲು. ನಮ್ಮ ಸ್ಮಶಾನದಾಗ ಬಾಜಾ ಹಚ್ಚಿ ಮಾಡೂನು. ಆಕಿ ಪರವಾಗಿ ನೀ ಒಂದ ಮಾತು ಅಂದ್ರ ಮುಗೀತು’ ಅಂದರು.

ನಾನು ಎದ್ದು ನಿಂತು ಹೇಳಿದೆ, ‘ಗೌಡ್ರ, ಬದುಕಿದ್ದಾಗ ಆಕಿ ಅನ್ನಲಾರದ್ದನ್ನ ಸತ್ತ ಮ್ಯಾಲ ನಾ ಹ್ಯಾಂಗ ಅನ್ಲಿರಿ? ಆಕಿನ್ನ ಈ ಹೊಲದಾಗ ಇಡತೀವಿ. ಮಣ್ಣು ಹಾಕೂದಿದ್ರ ನಿಂದರ್ರಿ, ಇಲ್ಲಂದ್ರ ಹೋಗ್ರಿ.’

ಅವರು ಹೋದರು. ಗಿಡ್ಡಪ್ಪ ಕುಣಿ ತೋಡಿದ. ಬಾಷಾಬಿ ನೀರು ಕಾಸಿದಳು, ನಾನು ಸ್ನಾನ ಮಾಡಿಸಿದೆ. ತಾವರಗೇರಾದಿಂದ ಮುದುಕ ಅಯ್ಯನವರೊಬ್ಬರು ಕರೆಯದೆಯೇ ನಡೆದು ಬಂದು, ವಿಭೂತಿ ಹಚ್ಚಿ, ಕುಣಿಯಲ್ಲಿ ಕ್ರಮವಾಗಿ ಕುಳ್ಳಿರಿಸಿದರು. ಮಣ್ಣು ಹಾಕುವ ಹೊತ್ತಿಗೆ ಹೊಲದ ತುಂಬ ಮಂದಿ. ಅಗಸಿಯೊಳಗಿನ ಹೆಂಗಸರು ಈ ಸಲ ಯಾವ ನೆವವನ್ನೂ ಮಾಡಿಕೊಳ್ಳದೆ ನಡುದಾರಿಯಲ್ಲೇ ಬಂದರು. ಗೌಡರ ಸೊಸೆ ಶಾಂತಕ್ಕನೂ ಬಂದಳು. ತಡೆಯಲು ಬಂದ ಗಂಡನನ್ನು ನೋಡದೆಯೇ ಮೂರು ಹಿಡಿ ಮಣ್ಣು ಹಾಕಿದಳು.

ಈಗ ನಾನು ಒಬ್ಬಳೇ ಎಂದು ಚಿಂತೆ ಮಾಡಬೇಡ. ಬಾಷಾಬಿ ತನ್ನ ಹಾಸಿಗೆ ಇಲ್ಲಿಗೇ ತಂದಿದ್ದಾಳೆ. ಗಿರಣಿಯ ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸು. ಆಯಿಯ ಆಶೀರ್ವಾದ ನಿನ್ನ ಮೇಲಿದೆ.

ನಿನ್ನ ಮಗಳು,
ಶೇಖರಮ್ಮ

ತಾ. ಕ. – ಇದನ್ನು ಬರೆಯಬಾರದೆಂದಿದ್ದೆ, ಆದರೆ ಟಪಾಲಿನವನು ನಿಂತಿದ್ದಾನೆ, ಈಗ ಬರೆಯದಿದ್ದರೆ ಮತ್ತೆ ಧೈರ್ಯ ಬರಲಿಕ್ಕಿಲ್ಲ. ಸೋಮವಾರ ಹೋಗುವ ಮುಂದೆ ಗೌಡರು ಜೇಬಿನಿಂದ ಒಂದು ಕಾಗದ ತೆಗೆದು ಎಲ್ಲರಿಗೂ ತೋರಿಸಿದರು. ‘ನನ್ನ ತಾಯಿಯಿಂದ ತಪ್ಪಾಗಿದೆ, ಕ್ಷಮಿಸಿ ಮನೆಗೆ ಸೇರಿಸಿಕೊಳ್ಳಬೇಕು’ ಎಂದು ಬರೆದು ಕೆಳಗೆ ನಿನ್ನ ಹೆಸರಿತ್ತು. ಆಯಿಗೆ ಜ್ವರವೆಂದು ನಾನು ಬರೆದದ್ದು ಓದಿ ನೀನು ಹೆದರಿ ಕಳಿಸಿರಬೇಕು. ಇದು ನಮ್ಮ ಅಪ್ಪನ ಅಕ್ಷರವಲ್ಲ ಎಂದು ಅಷ್ಟೂ ಮಂದಿಯ ಮುಂದೆ ಹೇಳಿದೆ. ಮರಳ ಮೇಲೆ ನನಗೆ ಅಕ್ಷರ ತಿದ್ದಿಸಿದವನು ನೀನು. ನಿನ್ನ ಕೈ ನನಗೆ ಗುರುತು ಸಿಗದೆ ಇರುತ್ತದೆಯೇ? ನಾನು ಸುಳ್ಳು ಹೇಳಿದೆ. ರಜೆ ಕೇಳಿ ಬಾ. ಊರ ಮುಂದೆ ನಿಂತು ‘ಆ ಕಾಗದ ನನ್ನದಲ್ಲ’ ಅನ್ನು, ಇಲ್ಲವೇ ‘ನನ್ನದೇ, ಹರಿದು ಹಾಕಿರಿ’ ಅನ್ನು. ನೀನು ಎರಡನೆಯದನ್ನೇ ಅನ್ನುತ್ತೀಯೆಂದು ನಾನು ಕಾಯುತ್ತೇನೆ.