ಹಾಡಿನ ನಡುವಿನ ಮಾತು

ಮಸ್ಕಿ, 12-2-1994

ಸಿಂಧನೂರಿನ ಕ್ಯಾಸೆಟ್ ಅಂಗಡಿಯ ಕನಕರಾಯಣ್ಣನವರಿಗೆ ಆದೆಮ್ಮನ ನಮಸ್ಕಾರಗಳು.

ನಮ್ಮವರು ಲಾರಿಯಲ್ಲಿ ಅಕ್ಕಿ ಹೇರಿಕೊಂಡು ಮುಂಬಯಿಗೆ ಹೋದಾಗ ತಂದ ಜಮೈಕಾ ದೇಶದ ರೆಗೆ ಹಾಡು ನಿಮಗೆ ಗೊತ್ತೇ ಇದೆ. ನಮ್ಮ ಪಡಸಾಲೆಯಲ್ಲಿ ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಟ್ಟು ನಿಮಗೊಂದು ನಕಲು ಮಾಡಿಕೊಟ್ಟಿದ್ದರು. ನಡುವೆ ಗಾಳಿ ಬೀಸಿತೆಂದು, “ಆದೆಮ್ಮಾ, ಬಾಗ್ಲಾ ಹಾಕ್ಬೇ” ಎಂದು ಅವರು ಕೂಗಿದ್ದೂ ಅದರಲ್ಲಿ ಸೇರಿಬಿಟ್ಟಿತು. ನೀವು ಅದರಿಂದಲೇ ನೂರಾರು ಕ್ಯಾಸೆಟ್ ತುಂಬಿಸಿ ಮಾರಿದಿರಿ. ಲಿಂಗಸುಗೂರಿನ ಆಟೋದವರು ಇವತ್ತಿಗೂ ಆ ಕೂಗನ್ನು ಸೇರಿಸಿಯೇ ಹಾಡುತ್ತಾರೆ. ಇಡೀ ಹಾಡಿನಲ್ಲಿ ಅವರಿಗೆ ತಿಳಿಯುವುದು ಅದೊಂದೇ ಮಾತು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು.

ನಮ್ಮವರ ಲಾರಿ ಘಟ್ಟದಲ್ಲಿ ಉರುಳಿ ಒಂಬತ್ತು ವರ್ಷವಾಯಿತು. ಮೂಲ ಕ್ಯಾಸೆಟ್ಟೂ ಅದರಲ್ಲೇ ಹೋಯಿತು. ನಮ್ಮ ಮನೆ ರಸ್ತೆಗೇ ಇದೆ. ದಿನಾ ಸಂಜೆ ಮುದಗಲ್ ಬಸ್ಸಿನವರು ಆ ಹಾಡು ಹಾಕಿಕೊಂಡು ಬಂದು ನಮ್ಮ ಮುಂದೆಯೇ ನಿಲ್ಲಿಸುತ್ತಾರೆ. ಹಾಡಿನ ನಡುವೆ ನಮ್ಮವರು ಕೂಗುತ್ತಾರೆ. ನಾನು ಎದ್ದು ಬಾಗಿಲು ಹಾಕುತ್ತೇನೆ.

ಈಗ ನೀವು ಅದೇ ಹಾಡಿನ ಹೊಸ ಕ್ಯಾಸೆಟ್ ತರಿಸಿ ಎಲ್ಲರಿಗೂ ಕೊಟ್ಟಿದ್ದೀರಂತೆ. ಮೂರು ದಿನದಿಂದ ಬಸ್ಸಿನಲ್ಲೂ ಅದೇ. ಹಾಡು ಸ್ವಚ್ಛವಾಗಿ ಕೇಳುತ್ತದೆ, ನಿಮ್ಮದೇನೂ ತಪ್ಪಿಲ್ಲ.

ಹಳೆಯದೊಂದು ಉಳಿದಿದ್ದರೆ ದಯವಿಟ್ಟು ಅಳಿಸಬೇಡಿ. ಕಂಡಕ್ಟರ್ ಮಾಳಿಂಗಪ್ಪನ ಕೈಯಲ್ಲಿ ಕಳಿಸಿಕೊಡಿ. ಕೂಗಿ ಕರೆಯುವುದು ಬೇಡ, ನೇರ ಒಳಗೆ ಬಂದು ಇಟ್ಟುಹೋಗಲು ಹೇಳಿ. ಮೂರು ದಿನದಿಂದ ನಾನು ಬಾಗಿಲು ಹಾಕಿಲ್ಲ.

ನಿಮ್ಮ ತಂಗಿ,
ಆದೆಮ್ಮ