ಹಣೆಗೆ ಹಚ್ಚಿದ ಮುಲಾಮು

ಅಮ್ಮಾ,

ನೀನು ಇದನ್ನು ಓದುವುದಿಲ್ಲ, ಆದರೂ ಹೇಳದೆ ಇರಲಾಗುತ್ತಿಲ್ಲ. ಇವತ್ತು ನಮ್ಮ ಟ್ರಸ್ಟಿನ ಸಭೆಯಲ್ಲಿ ಗರ್ಭಕೋಶದ ನೋವಿನ ಸಂಶೋಧನೆಗೆ ದೇಣಿಗೆ ಕೇಳಲು ನಾನೇ ಎದ್ದು ನಿಂತೆ. ದಾನಿಗಳಲ್ಲಿ ಹಿರಿಯರೊಬ್ಬರು, "ಅಲ್ಲಮ್ಮಾ, ಇದೆಲ್ಲ ಹೆಂಗಸರಿಗೆ ಇದ್ದದ್ದೇ ಅಲ್ವಾ? ಇದಕ್ಕೂ ಸಂಶೋಧನೆ ಬೇಕಾ?" ಅಂದರು. ನನಗೆ ರೇಗಿಹೋಯಿತು. "ನಮ್ಮಮ್ಮ ಪ್ರತಿ ತಿಂಗಳೂ ಗೋಡೆ ಹಿಡ್ಕೊಂಡು ಓಡಾಡ್ತಿದ್ರು ಸಾರ್," ಅಂದುಬಿಟ್ಟೆ. ಪಕ್ಕದಲ್ಲಿದ್ದ ಡಾಕ್ಟರಮ್ಮ ಮೆಲ್ಲಗೆ, "ಎಲ್ಲಿ ನೋಯ್ತಿತ್ತು ಅವರಿಗೆ?" ಅಂತ ಕೇಳಿದರು.

ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು.

ಅಪ್ಪನ ಮುಂದೆ ನೀನು ಅದನ್ನು ತಲೆನೋವು ಅನ್ನುತ್ತಿದ್ದೆಯಲ್ಲ, ನಾನೂ ನಂಬಿ ನಿನ್ನ ಹಣೆಗೆ ಮುಲಾಮು ತಿಕ್ಕುತ್ತಿದ್ದೆ. ಕೊನೆಗೆ ಆಪರೇಷನ್ ಮಾಡಿದಾಗಲೇ ನೋವು ಗರ್ಭಕೋಶದ್ದೆಂದು ನಮಗೆ ಗೊತ್ತಾಗಿದ್ದು. ಆದರೂ ನನ್ನ ಕೈ ಇನ್ನೂ ನಿನ್ನ ಮಾತನ್ನೇ ನಂಬಿಕೊಂಡಿದೆ ನೋಡು.

ಆ ಹಿರಿಯರು ದೇಣಿಗೆಗೆ ಒಪ್ಪಿದರು. ಯಾಕೆ ಒಪ್ಪಿದರೋ ಗೊತ್ತಿಲ್ಲ. ನಾಲ್ಕು ಜನರೆದುರು ನಿನ್ನ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ನೀನಿದ್ದಿದ್ದರೆ ಬೈಯುತ್ತಿದ್ದೆಯೋ, ನಗುತ್ತಿದ್ದೆಯೋ, ಅದೂ ಗೊತ್ತಾಗುತ್ತಿಲ್ಲ. ಒಂದನ್ನು ಮಾತ್ರ ಕೇಳಬೇಕು. ನಾನು ತಿಕ್ಕುವಾಗ ಕಣ್ಣು ಮುಚ್ಚಿಕೊಂಡು, "ಈಗ ಹಾಯಾಯ್ತು ಪುಟ್ಟಿ" ಅಂತ ಯಾಕಮ್ಮಾ ಅನ್ನುತ್ತಿದ್ದೆ?